ವ್ಯಾಜ್ಯ ಹುಟ್ಟಿದ ನೆಲದಲ್ಲೇ ಮಧ್ಯಸ್ಥಿಕೆ ನಡೆಯಲಿ: ಕುಂಚಾವರಂ ಭಾಗದ ವ್ಯವಹಾರಸ್ಥರ ಮನವಿ ಪತ್ರ

ಗೆ,
ಮಾನ್ಯ ಕಾರ್ಯದರ್ಶಿಗಳು,
ಕಾನೂನು ಇಲಾಖೆ, ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ಮೂಲಕ: ಮಾನ್ಯ ಜಿಲ್ಲಾಧಿಕಾರಿಗಳು, ಕಲಬುರಗಿ.

ವಿಷಯ: ವಾಣಿಜ್ಯ ಮಧ್ಯಸ್ಥಿಕೆಯ ನಿಯಮಗಳನ್ನು ಸಣ್ಣ ವ್ಯವಹಾರಸ್ಥರ ಕೈಗೆಟುಕುವಂತೆ ಪರಿಷ್ಕರಿಸುವ ಬಗ್ಗೆ.

ಮಾನ್ಯರೇ,

ಕುಂಚಾವರಂ, ಚಿಂಚೋಳಿ, ಸೇಡಂ, ಚಿತ್ತಾಪುರ, ವಾಡಿ ಮತ್ತು ಶಹಾಬಾದ್ ಭಾಗದ ಲಾರಿ ಮಾಲೀಕರು, ಫರ್ಸಿ (ನೆಲಹಾಸು ಕಲ್ಲು) ಗಣಿ ಮತ್ತು ಪಾಲಿಶ್ ಘಟಕ ನಡೆಸುವವರು, ದಾಲ್ ಮಿಲ್‌ನವರು, ಅಡತ್ ವ್ಯಾಪಾರಿಗಳು, ಕಾರ್ಖಾನೆಗಳಲ್ಲಿ ಸಣ್ಣಪುಟ್ಟ ಗುತ್ತಿಗೆ ಹಿಡಿಯುವವರು ಸೇರಿ ಈ ಮನವಿ ಸಲ್ಲಿಸುತ್ತಿದ್ದೇವೆ. ನಮ್ಮ ಕರಾರುಗಳಲ್ಲಿರುವ ಮಧ್ಯಸ್ಥಿಕೆಯ ಷರತ್ತು ನಮಗೆ ನ್ಯಾಯದ ಬಾಗಿಲು ತೆರೆಯಬೇಕಿತ್ತು. ಈಗಿರುವ ರೀತಿಯಲ್ಲಿ ಅದು ಆ ಬಾಗಿಲನ್ನು ಮುಚ್ಚುತ್ತಿದೆ. ಅದನ್ನು ಸರಿಪಡಿಸಿಕೊಡಿ ಎಂದು ಕೇಳಲು ಬಂದಿದ್ದೇವೆ.

ನಮ್ಮ ಭಾಗದ ಸುಣ್ಣದಕಲ್ಲಿನ ಮೇಲೆ ನಿಜಾಮರ ಕಾಲದಿಂದಲೂ ಉದ್ಯಮ ನಿಂತಿದೆ. ಶಹಾಬಾದಿನಲ್ಲಿ ಸ್ವಾತಂತ್ರ್ಯಕ್ಕೆ ಮೊದಲೇ ಸಿಮೆಂಟ್ ತಯಾರಾಗುತ್ತಿತ್ತು. ಆಮೇಲೆ ವಾಡಿ, ಮಳಖೇಡ, ಸೇಡಂ, ಚಿತ್ತಾಪುರ, ಚಿಂಚೋಳಿಯವರೆಗೆ ಕಾರ್ಖಾನೆಗಳು ಹಬ್ಬಿದವು. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆದರೂ ಪ್ರಾದೇಶಿಕ ಅಸಮತೋಲನ ಕುರಿತ 2002ರ ನಂಜುಂಡಪ್ಪ ಸಮಿತಿಯ ವರದಿ ಚಿಂಚೋಳಿ, ಸೇಡಂ, ಚಿತ್ತಾಪುರ ಮೂರನ್ನೂ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಗೆ ಸೇರಿಸಿತು. ಇಷ್ಟು ಸರಕು ಹೊರಡುವ ನೆಲದಲ್ಲಿ ದುಡ್ಡು ಯಾಕೆ ನಿಲ್ಲುವುದಿಲ್ಲ ಎಂಬ ಪ್ರಶ್ನೆಗೆ ಉತ್ತರಗಳು ಹಲವು. ಮಾಡಿದ ಕೆಲಸದ ಬಾಕಿ ವಸೂಲಾಗದಿರುವುದು ಅವುಗಳಲ್ಲಿ ಒಂದು. ಅದರ ಬಗ್ಗೆ ಮಾತನಾಡುವವರು ಕಡಿಮೆ.

ಕುಂಚಾವರಂ ಕಾಡಿನಂಚಿನ ತಾಂಡಾಗಳ ಹುಡುಗರು ಸಾಲ ಮಾಡಿ ಟಿಪ್ಪರ್ ಕೊಳ್ಳುತ್ತಾರೆ, ಕಾರ್ಖಾನೆಗಳಿಗೆ ಬಾಡಿಗೆಗೆ ಓಡಿಸುತ್ತಾರೆ. ಬಿಲ್ ಕೊಟ್ಟ ಮೇಲೆ ತೂಕದಲ್ಲಿ ವ್ಯತ್ಯಾಸ, ಗುಣಮಟ್ಟದಲ್ಲಿ ಕೊರತೆ, ಗಾಡಿ ಕಾದು ನಿಂತ ಹಾಲ್ಟಿಂಗ್ ದಿನಗಳ ಲೆಕ್ಕ ಒಪ್ಪುವುದಿಲ್ಲ ಎಂದು ಒಂದೊಂದಾಗಿ ಆಕ್ಷೇಪ ಬರುತ್ತದೆ, ಹಣ ನಿಲ್ಲುತ್ತದೆ. ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ. ಬಿಲ್ಲಿನ ಮೇಲಿನ ಜಿಎಸ್‌ಟಿಯನ್ನು, ಹಣ ಕೈಗೆ ಬಂದಿರಲಿ ಬಿಡಲಿ, ಕಟ್ಟಲೇಬೇಕು. ಕೋರ್ಟಿಗೆ ಹೋಗೋಣವೆಂದರೆ ಕರಾರಿನಲ್ಲಿ ಮಧ್ಯಸ್ಥಿಕೆಯ ಷರತ್ತಿದೆ. 1996ರ ಮಧ್ಯಸ್ಥಿಕೆ ಮತ್ತು ರಾಜಿ ಸಂಧಾನ ಕಾಯಿದೆಯ 8ನೇ ಕಲಂ ಪ್ರಕಾರ ಎದುರು ಪಕ್ಷ ಕೇಳಿದರೆ ಕೋರ್ಟು ಮೊಕದ್ದಮೆಯನ್ನು ಮಧ್ಯಸ್ಥಿಕೆಗೇ ಕಳಿಸಬೇಕು. ಆ ಮಧ್ಯಸ್ಥಿಕೆ ನಡೆಯುವ ಜಾಗ ಮುಂಬೈ, ದೆಹಲಿ, ಕೋಲ್ಕತ್ತ ಅಥವಾ ಚೆನ್ನೈ. ಕರಾರು ಬರೆದವರ ಪ್ರಧಾನ ಕಚೇರಿ ಎಲ್ಲಿದೆಯೋ ಅಲ್ಲಿ.

ನಮ್ಮ ಬೇಡಿಕೆಗಳಲ್ಲಿ ಮೊದಲನೆಯದೂ ಮುಖ್ಯವಾದದ್ದೂ ಈ ಜಾಗದ ವಿಷಯ. ಕರಾರಿನಲ್ಲಿ ಒಂದು ನಗರದ ಹೆಸರನ್ನು ಮಧ್ಯಸ್ಥಿಕೆಯ ಪೀಠಸ್ಥಾನವೆಂದು ಬರೆದರೆ, ವ್ಯವಹಾರದ ಒಂದೆಳೆಯೂ ಆ ನಗರದಲ್ಲಿ ನಡೆಯದಿದ್ದರೂ ಅಲ್ಲಿನ ಕೋರ್ಟಿಗೆ ಮಾತ್ರ ಅಧಿಕಾರ ಎಂದು ಸುಪ್ರೀಂ ಕೋರ್ಟು 2017ರ ಇಂಡಸ್ ಮೊಬೈಲ್ ಪ್ರಕರಣದಲ್ಲಿ ಹೇಳಿದೆ. ಎರಡು ದೊಡ್ಡ ಕಂಪನಿಗಳ ನಡುವೆ ಈ ನಿಯಮದಿಂದ ತೊಂದರೆಯಿಲ್ಲ. ಎರಡು ಟಿಪ್ಪರ್‌ಗಳ ಮಾಲೀಕನಿಗೆ ಇದರ ಪರಿಣಾಮವೇ ಬೇರೆ. ತಾತ್ಕಾಲಿಕ ತಡೆ ಕೇಳಲೂ, ಮಧ್ಯಸ್ಥಗಾರರು ಕೊಟ್ಟ ಐತೀರ್ಪನ್ನು ಉಳಿಸಿಕೊಳ್ಳಲೂ ಅವನು ಆ ದೂರದ ಊರಿಗೇ ವಕೀಲರನ್ನು ಹುಡುಕಿಕೊಂಡು ಹೋಗಬೇಕು. ಕಲಬುರಗಿಗೆ 2008ರಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ದಶಕಗಳ ಹೋರಾಟದಿಂದ ಪಡೆದ ಆ ಪೀಠದ ಲಾಭವನ್ನು ಕರಾರಿನ ಒಂದು ಸಾಲು ನಮ್ಮಿಂದ ಕಿತ್ತುಕೊಳ್ಳುತ್ತಿದೆ.

ಕೇಂದ್ರದ ಕಾನೂನು ವ್ಯವಹಾರಗಳ ಇಲಾಖೆ 2024ರ ಅಕ್ಟೋಬರಿನಲ್ಲಿ 1996ರ ಈ ಕಾಯಿದೆಯ ತಿದ್ದುಪಡಿ ಮಸೂದೆಯ ಕರಡನ್ನು ಸಾರ್ವಜನಿಕರ ಮುಂದಿಟ್ಟಿತು. ಅದರಲ್ಲಿ 20ನೇ ಕಲಂಗೆ ಕೊಟ್ಟ ಆಯ್ಕೆಗಳಲ್ಲಿ ಒಂದು, ದೇಶದೊಳಗಿನ ವ್ಯಾಜ್ಯಗಳಿಗೆ ಕರಾರು ಆದ ಜಾಗ ಅಥವಾ ವ್ಯಾಜ್ಯದ ಕಾರಣ ಹುಟ್ಟಿದ ಜಾಗವೇ ಪೀಠಸ್ಥಾನವಾಗಬೇಕು ಎಂಬುದು. ರಾಜ್ಯ ಸರ್ಕಾರ ಈ ಆಯ್ಕೆಯನ್ನು ಬೆಂಬಲಿಸಿ ಕೇಂದ್ರಕ್ಕೆ ಬರೆಯಬೇಕು. ಆದರೆ ‘ಕರಾರು ಆದ ಜಾಗ’ ಎಂಬ ಮಾತು ಉಳಿದರೆ ನಮಗೇನೂ ಸಿಗುವುದಿಲ್ಲ, ಯಾಕೆಂದರೆ ಕರಾರಿಗೆ ಕೊನೆಯ ಸಹಿ ಬೀಳುವುದು ಪ್ರಧಾನ ಕಚೇರಿಯಲ್ಲೇ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ 1 ಕೋಟಿ ರೂಪಾಯಿವರೆಗಿನ ಕ್ಲೇಮುಗಳಲ್ಲಿ ಸರಕು ಇಳಿದ ಅಥವಾ ಕೆಲಸ ನಡೆದ ಜಿಲ್ಲೆಯೇ ಪೀಠಸ್ಥಾನ ಎಂದು ಸ್ಪಷ್ಟವಾಗಿ ಬರೆಯಬೇಕು. ಕರಾರಿನಲ್ಲಿ ಬೇರೆ ಏನೇ ಇದ್ದರೂ ಇದೇ ನಡೆಯಬೇಕು. ಮಧ್ಯಸ್ಥಿಕೆ ಸಂವಿಧಾನದ ಸಮವರ್ತಿ ಪಟ್ಟಿಯ ವಿಷಯ. ಕೇಂದ್ರ ತಡಮಾಡಿದರೆ ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ರಾಜ್ಯವೇ ತಿದ್ದುಪಡಿ ತರಬಹುದು. ಅದಕ್ಕೂ ಸಿದ್ಧತೆ ಆಗಬೇಕು.

ಊರಲ್ಲೇ ಕೂತು ವ್ಯಾಪಾರದ ಜಗಳ ಬಗೆಹರಿಸುವುದು ಈ ನೆಲಕ್ಕೆ ಹೊರಗಿನಿಂದ ಬಂದ ಪದ್ಧತಿಯಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಮಿತಾಕ್ಷರಾ ಬರೆದ ವಿಜ್ಞಾನೇಶ್ವರನನ್ನು ಶಹಾಬಾದಿಗೆ ಹತ್ತಿರದ ಮರತೂರು ತನ್ನ ಮಗನೆಂದು ಹೇಳಿಕೊಳ್ಳುತ್ತದೆ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ಆ ವ್ಯಾಖ್ಯಾನದಲ್ಲಿ ಒಂದೇ ಕಸುಬಿನವರ ಶ್ರೇಣಿ, ಒಂದೇ ಊರಿನವರ ಪೂಗ ವ್ಯಾಜ್ಯ ತೀರಿಸುವ ಕ್ರಮವಿದೆ. ಅಲ್ಲಿ ತೃಪ್ತಿಯಾಗದಿದ್ದರೆ ಮೇಲಿನ ಹಂತಕ್ಕೆ ಹೋಗುವ ದಾರಿಯೂ ಇದೆ. ಕಸುಬು ತಿಳಿದವರು ಕಸುಬು ನಡೆಯುವ ಜಾಗದಲ್ಲಿ ತೀರ್ಪು ಹೇಳಬೇಕೆಂಬ ಆ ವಿವೇಕವನ್ನೇ ಇಂದಿನ ಕಾಯಿದೆಯ ಚೌಕಟ್ಟಿನಲ್ಲಿ ಕೊಡಿ ಎಂದು ಕೇಳುತ್ತಿದ್ದೇವೆ.

ಹೈಕೋರ್ಟಿನ ಆಶ್ರಯದಲ್ಲಿ ಬೆಂಗಳೂರಿನ ಖನಿಜ ಭವನದಲ್ಲಿರುವ ಮಧ್ಯಸ್ಥಿಕೆ ಕೇಂದ್ರ 2012ರ ನಿಯಮಗಳ ಪ್ರಕಾರ ನಡೆದುಕೊಂಡು ಬಂದಿದೆ. ಆ ಕೇಂದ್ರದ ಮಧ್ಯಸ್ಥಗಾರರು ನಿಗದಿತ ದಿನಗಳಲ್ಲಿ ಸೇಡಂ ಮತ್ತು ಚಿಂಚೋಳಿಗೆ ಬಂದು ವಿಚಾರಣೆ ನಡೆಸುವಂತೆ ನಿಯಮಕ್ಕೆ ತಿದ್ದುಪಡಿ ತರಲು ಮಾನ್ಯ ಹೈಕೋರ್ಟನ್ನು ಸರ್ಕಾರ ವಿನಂತಿಸಬೇಕು. ತಾಲೂಕು ಆಡಳಿತ ಸೌಧದ ಒಂದು ಕೋಣೆ, ಒಂದು ವಿಡಿಯೋ ಸಂಪರ್ಕ, ದಾಖಲೆ ಸ್ಕ್ಯಾನ್ ಮಾಡಿಕೊಡುವ ಒಬ್ಬ ಸಿಬ್ಬಂದಿ ಇದ್ದರೆ ಸಾಕು. ಮಧ್ಯಸ್ಥಗಾರರ ಪಟ್ಟಿಯಲ್ಲಿ ನಿವೃತ್ತ ನ್ಯಾಯಾಧೀಶರ ಜೊತೆಗೆ ಗಣಿ, ಸಾರಿಗೆ, ಲೆಕ್ಕಪತ್ರ ಬಲ್ಲವರೂ ಇರಲಿ. ಫರ್ಸಿಯ ದಪ್ಪದಲ್ಲಿ ಎಷ್ಟು ವ್ಯತ್ಯಾಸ ಸಹಜ, ತೊಗರಿಬೇಳೆಯಲ್ಲಿ ಎಷ್ಟು ನುಚ್ಚು ಒಪ್ಪತಕ್ಕದ್ದು ಎಂಬುದು ಅಂಥವರಿಗೆ ಕೈಯಲ್ಲಿ ಹಿಡಿದರೆ ಗೊತ್ತಾಗುತ್ತದೆ.

ಇನ್ನು ಖರ್ಚು. ಕಾಯಿದೆಯ ನಾಲ್ಕನೆಯ ಅನುಸೂಚಿ ಮಧ್ಯಸ್ಥಗಾರರ ಮಾದರಿ ಶುಲ್ಕ ಹೇಳುತ್ತದೆ: 5 ಲಕ್ಷದವರೆಗಿನ ವ್ಯಾಜ್ಯಕ್ಕೆ 45,000 ರೂಪಾಯಿ, ಒಬ್ಬರೇ ಮಧ್ಯಸ್ಥಗಾರರಿದ್ದರೆ ಅದರ ಮೇಲೆ ಶೇ. 25 ಹೆಚ್ಚು. ಅಂದರೆ 4 ಲಕ್ಷ ಬಾಕಿಯ ವ್ಯಾಜ್ಯಕ್ಕೆ 56,250 ರೂಪಾಯಿ, ಬಾಕಿಯ ಶೇ. 14. ಇದೇ ಲೆಕ್ಕದಲ್ಲಿ 10 ಕೋಟಿಯ ವ್ಯಾಜ್ಯಕ್ಕೆ 15,46,875 ರೂಪಾಯಿ, ಅಂದರೆ ಶೇ. ಒಂದೂವರೆ ಮಾತ್ರ. ಬಾಕಿ ಸಣ್ಣದಾದಷ್ಟೂ ನ್ಯಾಯದ ಬೆಲೆ ಹೆಚ್ಚುತ್ತದೆ. ಇದರ ಮೇಲೆ ವಕೀಲರ ಫೀಸು, ವಿಚಾರಣೆಯ ಕೋಣೆಯ ಬಾಡಿಗೆ, ರೈಲು, ಲಾಡ್ಜು. ಶುಲ್ಕವನ್ನು ಇಬ್ಬರೂ ಅರ್ಧರ್ಧ ಭರಿಸಿದರೂ ಕೊನೆಗೆ ಕೈಗೆ ಬರುವುದೆಷ್ಟು ಎಂದು ಲೆಕ್ಕ ಹಾಕಿ ಬಾಕಿಯನ್ನೇ ಬಿಟ್ಟವರು ನಮ್ಮಲ್ಲಿ ಹಲವರಿದ್ದಾರೆ. 10 ಲಕ್ಷದೊಳಗಿನ ವ್ಯಾಜ್ಯಗಳಿಗೆ ಶುಲ್ಕವು ಬಾಕಿಯ ಶೇ. 3 ದಾಟಬಾರದು, ಉಳಿದದ್ದನ್ನು ರಾಜ್ಯ ಕಾನೂನು ಸೇವೆಗಳ ಮಾದರಿಯಲ್ಲಿ ಸರ್ಕಾರ ಭರಿಸಬೇಕು ಎಂಬುದು ನಮ್ಮ ಬೇಡಿಕೆ. ಮಧ್ಯಸ್ಥಗಾರರು ತಮ್ಮ ಶುಲ್ಕವನ್ನು ತಾವೇ ಏಕಪಕ್ಷೀಯವಾಗಿ ನಿಗದಿ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2022ರ ಓಎನ್‌ಜಿಸಿ ಪ್ರಕರಣದಲ್ಲಿ ಹೇಳಿಯಾಗಿದೆ. ಅದು ಕಟ್ಟುನಿಟ್ಟಾಗಿ ಪಾಲನೆಯಾಗಲಿ.

ಸಮಯದ ಬಗ್ಗೆ ಕಾಯಿದೆ ಉದಾರವಾಗಿಯೇ ಇದೆ. 29ಎ ಕಲಂ ಪ್ರಕಾರ ವಾದಪತ್ರಗಳು ಮುಗಿದ 12 ತಿಂಗಳಲ್ಲಿ ಐತೀರ್ಪು ಬರಬೇಕು. 2015ರಲ್ಲಿ ಸೇರಿದ 29ಬಿ ಕಲಂ 6 ತಿಂಗಳ ಶೀಘ್ರ ವಿಧಾನವನ್ನೂ ಕೊಟ್ಟಿದೆ. ಆದರೆ ಅದಕ್ಕೆ ಎರಡೂ ಪಕ್ಷಗಳು ಒಪ್ಪಬೇಕು. ಹಣ ಕೊಡಬೇಕಾದವನು ಬೇಗ ಮುಗಿಸಲು ಯಾಕೆ ಒಪ್ಪುತ್ತಾನೆ? ಸಿಂಗಪುರದ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಕೇಂದ್ರ 2025ರ ಜನವರಿ 1ರಿಂದ ಜಾರಿಗೆ ತಂದ ನಿಯಮಗಳಲ್ಲಿ 10 ಲಕ್ಷ ಸಿಂಗಪುರ ಡಾಲರ್‌ವರೆಗಿನ ವ್ಯಾಜ್ಯಗಳಿಗೆ ಒಬ್ಬರೇ ಮಧ್ಯಸ್ಥಗಾರರು, ಮೂರು ತಿಂಗಳಲ್ಲಿ ತೀರ್ಪು, ಗರಿಷ್ಠ ಶುಲ್ಕದ ಅರ್ಧ ಮಾತ್ರ ಎಂಬ ಸರಳ ವಿಧಾನವಿದೆ. ಹೂಡಿಕೆದಾರರನ್ನು ಸೆಳೆಯುವುದರಲ್ಲಿ ಸಿಂಗಪುರವನ್ನು ಮಾದರಿ ಎನ್ನುವವರು ಇದನ್ನೂ ಗಮನಿಸಬೇಕು. 1 ಕೋಟಿವರೆಗಿನ ವ್ಯಾಜ್ಯಗಳಿಗೆ 29ಬಿ ವಿಧಾನ ಎದುರು ಪಕ್ಷದ ಒಪ್ಪಿಗೆಯಿಲ್ಲದೆಯೂ ಅನ್ವಯಿಸಬೇಕು.

ಮಧ್ಯಸ್ಥಗಾರರನ್ನು ಒಂದೇ ಪಕ್ಷ ನೇಮಿಸುವ ಷರತ್ತಿನ ವಿಷಯದಲ್ಲಿ ಕಾನೂನು ಈಗ ನಮ್ಮ ಕಡೆ ಇದೆ. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ, ರೈಲ್ವೆ ವಿದ್ಯುದೀಕರಣ ಸಂಸ್ಥೆಯ ಪ್ರಕರಣದಲ್ಲಿ, ಸರ್ಕಾರಿ ಕರಾರುಗಳಲ್ಲಿ ಒಂದು ಪಕ್ಷ ಏಕಪಕ್ಷೀಯವಾಗಿ ಮಧ್ಯಸ್ಥಗಾರರನ್ನು ನೇಮಿಸುವುದು ಸಂವಿಧಾನದ 14ನೇ ವಿಧಿಗೆ ವಿರುದ್ಧ ಎಂದಿತು. ವಾಡಿ ಜಂಕ್ಷನ್ ಸುತ್ತ ರೈಲ್ವೆಯ ಸಣ್ಣ ಗುತ್ತಿಗೆಗಳನ್ನು ನಂಬಿಕೊಂಡವರಿಗೆ ಆ ತೀರ್ಪಿನ ಬೆಲೆ ಗೊತ್ತು. ರಾಜ್ಯದ ಇಲಾಖೆ, ನಿಗಮ, ಮಂಡಳಿಗಳ ಟೆಂಡರ್ ನಮೂನೆಗಳಲ್ಲಿ ಹಳೆಯ ಷರತ್ತು ಉಳಿದಿದ್ದರೆ ಸುತ್ತೋಲೆ ಹೊರಡಿಸಿ ಕಿತ್ತುಹಾಕಬೇಕು. ನಾವು ಪ್ರತಿ ಸಲ ಹೈಕೋರ್ಟಿಗೆ ಹೋಗಿ ಅದೇ ತೀರ್ಪನ್ನು ತೋರಿಸುವಂತಾಗಬಾರದು.

2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆ ನಮ್ಮಂಥವರಿಗೆ ದೊಡ್ಡ ಆಸರೆ. 45 ದಿನದೊಳಗೆ ಪಾವತಿ, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ, ತೀರ್ಪನ್ನು ಪ್ರಶ್ನಿಸುವ ಖರೀದಿದಾರ ಶೇ. 75 ಹಣವನ್ನು ಮೊದಲು ಠೇವಣಿ ಇಡಬೇಕೆಂಬ 19ನೇ ಕಲಂ, ಎಲ್ಲವೂ ಅದರಲ್ಲಿವೆ. ಕರಾರಿನ ಮಧ್ಯಸ್ಥಿಕೆ ಷರತ್ತಿಗಿಂತ ಈ ಕಾಯಿದೆಯೇ ಮೇಲು ಎಂದು 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಆದರೆ ಈ ಆಸರೆಯಲ್ಲಿ ಎರಡು ದೊಡ್ಡ ಕೊರತೆಗಳಿವೆ. ಅಡತ್ ವ್ಯಾಪಾರಿಗಳಿಗೆ ಈ ರಕ್ಷಣೆಗೆ ಬೇಕಾದ ಉದ್ಯಮ್ ನೋಂದಣಿ ಸಿಗುವುದು ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ, ಬಾಕಿ ವಸೂಲಿಗೆ ಅಲ್ಲ. ಮತ್ತೆ, ವ್ಯವಹಾರ ಮುಗಿದ ಮೇಲೆ ನೋಂದಣಿ ಮಾಡಿಸಿದವರಿಗೆ ಹಳೆಯ ಬಾಕಿಯ ಮೇಲೆ ಈ ರಕ್ಷಣೆ ದೊರೆಯದು ಎಂಬುದು ಸುಪ್ರೀಂ ಕೋರ್ಟಿನ 2021ರ ತೀರ್ಪು. ಆ ಪ್ರಶ್ನೆ 2025ರ ಜನವರಿಯಲ್ಲಿ ದೊಡ್ಡ ಪೀಠದ ಮುಂದೆ ಹೋಗಿದೆ. ತಾಂಡಾದ ಲಾರಿ ಮಾಲೀಕನಿಗೆ ನೋಂದಣಿ ಎಂಬುದೊಂದಿದೆ ಎಂದು ತಿಳಿಯುವುದೇ ಬಾಕಿ ಬಿದ್ದ ಮೇಲೆ. ಜಿಲ್ಲಾ ಕೈಗಾರಿಕಾ ಕೇಂದ್ರ ಹೋಬಳಿ ಮಟ್ಟದಲ್ಲಿ ನೋಂದಣಿ ಶಿಬಿರ ನಡೆಸಲಿ, ಈ ಕಾಯಿದೆಯಡಿ ಬಾಕಿಯ ವ್ಯಾಜ್ಯ ಕೇಳುವ ಸೌಲಭ್ಯ ಮಂಡಳಿಯ ವಿಚಾರಣೆ ನಮ್ಮ ತಾಲೂಕುಗಳಲ್ಲೂ ನಡೆಯಲಿ, ವ್ಯಾಪಾರಿಗಳನ್ನೂ ಕಾಯಿದೆಯ ವ್ಯಾಪ್ತಿಗೆ ತರಲು ರಾಜ್ಯ ಶಿಫಾರಸು ಮಾಡಲಿ.

ಭಾಷೆಯ ವಿಷಯ ಚಿಕ್ಕದೆಂದು ತಳ್ಳಿಹಾಕಬಾರದು. ನಮ್ಮ ಕರಾರುಗಳೆಲ್ಲ ಇಂಗ್ಲಿಷಿನಲ್ಲಿ. ತೆಲಂಗಾಣದ ಗಡಿಗೆ ಅಂಟಿಕೊಂಡ ಕುಂಚಾವರಂನಲ್ಲಿ ಕನ್ನಡ, ತೆಲುಗು, ಲಂಬಾಣಿ ಮಾತುಗಳಲ್ಲಿ ವ್ಯವಹಾರ ಕುದುರುತ್ತದೆ, ಸಹಿ ಮಾತ್ರ ಓದಲಾಗದ ಹಾಳೆಯ ಮೇಲೆ ಬೀಳುತ್ತದೆ. ವಿಚಾರಣೆಯ ಭಾಷೆಯನ್ನು ಪಕ್ಷಗಳು ಆರಿಸಿಕೊಳ್ಳಬಹುದೆಂದು 1996ರ ಮಧ್ಯಸ್ಥಿಕೆ ಕಾಯಿದೆಯ 22ನೇ ಕಲಂ ಹೇಳುತ್ತದೆ. ಸಾಗಣೆ, ಕಲ್ಲು, ಬೇಳೆಕಾಳು, ಕಾರ್ಖಾನೆಯ ಸಣ್ಣ ಗುತ್ತಿಗೆ, ಈ ನಾಲ್ಕು ವ್ಯವಹಾರಗಳಿಗೆ ಎರಡು ಪುಟದ ಮಾದರಿ ಕರಾರನ್ನು ಕಾನೂನು ಇಲಾಖೆ ಕನ್ನಡದಲ್ಲಿ ಸಿದ್ಧಪಡಿಸಿ ಪ್ರಕಟಿಸಬೇಕು. ಮೊಬೈಲ್‌ನಲ್ಲಿ ಬಂದ ಆರ್ಡರ್, ಬಿಲ್ಟಿ (ಸಾಗಣೆ ರಸೀದಿ), ತೂಕದ ಚೀಟಿ, ಇವೂ ಸಾಕ್ಷ್ಯವೆಂದು ಅದರಲ್ಲಿ ನಮೂದಿಸಬೇಕು.

2025ರ ಫೆಬ್ರವರಿಯ ಇನ್ವೆಸ್ಟ್ ಕರ್ನಾಟಕ ಸಮಾವೇಶದಲ್ಲಿ 10 ಲಕ್ಷ ಕೋಟಿ ರೂಪಾಯಿಗೂ ಮಿಕ್ಕ ಹೂಡಿಕೆಯ ಭರವಸೆ ಬಂದಿತೆಂದು ಸರ್ಕಾರ ಪ್ರಕಟಿಸಿತು. ಅದರಲ್ಲಿ ನಮ್ಮ ಭಾಗಕ್ಕೂ ಪಾಲು ಬರಲಿ ಎಂಬುದು ನಮ್ಮ ಆಸೆ. ಬರುವ ಕಾರ್ಖಾನೆಗೆ ಜಾಗ, ನೀರು, ವಿದ್ಯುತ್ ಕೊಟ್ಟರೆ ಸಾಲದು. ನಂಬಿ ಸರಕು ಕೊಡುವ ಸ್ಥಳೀಯರೂ ಅದಕ್ಕೆ ಬೇಕು. ಹಣ ಬರುವುದು ಖಾತ್ರಿಯಿಲ್ಲದ ಕಡೆ ಸಣ್ಣವನು ದರ ಏರಿಸುತ್ತಾನೆ, ಇಲ್ಲವೇ ಕೆಲಸ ಬಿಡುತ್ತಾನೆ. ಬೇರೆ ದಾರಿ ಕಾಣದಾಗ ಗೇಟಿನ ಮುಂದೆ ಲಾರಿ ನಿಲ್ಲಿಸುತ್ತಾನೆ, ಒಂದು ದಿನದ ಉತ್ಪಾದನೆಯೇ ನಿಲ್ಲುತ್ತದೆ. ಆ ನಷ್ಟ ಯಾರಿಗೂ ಬೇಡ. ಹತ್ತಿರದಲ್ಲಿ, ಕಡಿಮೆ ಖರ್ಚಿನಲ್ಲಿ, ಆರು ತಿಂಗಳೊಳಗೆ ತೀರ್ಮಾನ ಸಿಕ್ಕರೆ ಅದು ಹೂಡಿಕೆದಾರರಿಗೂ ನಮಗೂ ಸಮನಾದ ಲಾಭ.

ಮೇಲಿನ ಬೇಡಿಕೆಗಳಲ್ಲಿ ಟೆಂಡರ್ ಷರತ್ತು ಕುರಿತ ಸುತ್ತೋಲೆ, ಕನ್ನಡದ ಮಾದರಿ ಕರಾರು, ನೋಂದಣಿ ಶಿಬಿರ ಇವುಗಳಿಗೆ ಹೊಸ ಕಾನೂನು ಬೇಕಿಲ್ಲ. ಸರ್ಕಾರ ಮನಸ್ಸು ಮಾಡಿದರೆ ಮೂರು ತಿಂಗಳಲ್ಲಿ ಆಗುವ ಕೆಲಸ. ಉಳಿದವುಗಳ ಬಗ್ಗೆ ಹೈಕೋರ್ಟಿಗೂ ಕೇಂದ್ರಕ್ಕೂ ಪತ್ರ ಬರೆದು, ಅದರ ಪ್ರತಿಯನ್ನು ಜಿಲ್ಲಾಧಿಕಾರಿಗಳ ಕಚೇರಿಯ ಮೂಲಕ ನಮಗೆ ತಲುಪಿಸಬೇಕೆಂದೂ, ಈ ವಿಷಯದ ಚರ್ಚೆಗೆ ಸೇಡಂನಲ್ಲಿ ಒಂದು ಸಭೆ ಕರೆದು ನಮ್ಮ ಪ್ರತಿನಿಧಿಗಳ ಮಾತು ಕೇಳಬೇಕೆಂದೂ ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಕುಂಚಾವರಂ ಹಾಗೂ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದ ಸಣ್ಣ ವ್ಯವಹಾರಸ್ಥರ ಪರವಾಗಿ ಸಹಿ ಮಾಡಿದವರು

ಸ್ಥಳ: ಕುಂಚಾವರಂ, ಚಿಂಚೋಳಿ ತಾಲೂಕು

ಪ್ರತಿ: ಮಾನ್ಯ ಪ್ರಧಾನ ಕಾರ್ಯದರ್ಶಿಗಳು, ವಾಣಿಜ್ಯ ಮತ್ತು ಕೈಗಾರಿಕಾ ಇಲಾಖೆ, ಬೆಂಗಳೂರು.