ಹುಳುಮನೆಯ ತಂಪು ಮನುಷ್ಯರ ಮನೆಗೂ ಬರಲಿ

ಚಿಂತಾಮಣಿ, ಶಿಡ್ಲಘಟ್ಟದ ಕಡೆ ಕಟ್ಟಡದೊಳಗಿನ ಬಿಸಿ, ತೇವ, ಗಾಳಿಯಾಟ ಮೂರನ್ನೂ ದಿನವೂ ಗಮನಿಸುವ ಜಾಗವೆಂದರೆ ರೇಷ್ಮೆ ಹುಳು ಸಾಕುವ ಮನೆ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27–28 ಡಿಗ್ರಿ ಸೆಲ್ಸಿಯಸ್ ಶಾಖವೂ ಶೇಕಡಾ 85ರ ಆಸುಪಾಸಿನ ತೇವಾಂಶವೂ ಬೇಕು. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಮುಗಿಸಿ ಎದ್ದ ದೊಡ್ಡ ಹುಳುವಿಗೆ 24–25 ಡಿಗ್ರಿ ಶಾಖ, ಶೇಕಡಾ 70ರಷ್ಟು ತೇವ ಸಾಕು. ಗಾಳಿ ಮಾತ್ರ ಧಾರಾಳವಾಗಿ ಆಡಬೇಕು. ಬಿಸಿ ಮಿತಿ ಮೀರಿದರೆ ಸಪ್ಪೆ ರೋಗ, ಹಾಲುತೊಂಡೆ ಕಾಣಿಸಿಕೊಳ್ಳುತ್ತವೆ. ಚಳಿಯ ಜೊತೆ ತೇವವೂ ಹೆಚ್ಚಿದರೆ ಸುಣ್ಣಕಟ್ಟು ಬರುತ್ತದೆ. ಬೆಳೆ ಕೈಗೆ ಹತ್ತುವುದು, ಬಿಡುವುದು ಇದರ ಮೇಲೆಯೇ ನಿಂತಿರುವುದರಿಂದ ಬೆಳೆಗಾರರು ಹುಳುಮನೆಯನ್ನು ಬಹಳ ಎಚ್ಚರದಿಂದ ಕಟ್ಟುತ್ತಾರೆ. ಕಟ್ಟಡದ ಉದ್ದ ಪೂರ್ವ–ಪಶ್ಚಿಮಕ್ಕೆ, ಎದುರುಬದುರು ಕಿಟಕಿ, ಸೂರಿನ ಕೆಳಗೆ ಗವಾಕ್ಷಿ, ಹುಳುವನ್ನು ಕಾಡುವ ಊಜಿ ನೊಣ ಬರದಂತೆ ಬಲೆ, ಶೀಟಿನ ಮೇಲೆ ತೆಂಗಿನ ಗರಿ, ಬೇಸಗೆಯಲ್ಲಿ ಕಿಟಕಿಗೆ ಒದ್ದೆ ಗೋಣಿತಾಟು.

ಅದೇ ಹೊಲದ ಬದುವಿನಾಚೆ ಇರುವ ವಾಸದ ಮನೆಗೆ ಇಷ್ಟು ಗಮನ ಸಿಗುವುದಿಲ್ಲ. ಏಪ್ರಿಲ್ ರಾತ್ರಿ ಹುಳು ತಂಪಾಗಿರುತ್ತದೆ; ಹುಳು ಸಾಕುವ ತಾಯಿ, ಎಳೆ ಮಗು, ವಯಸ್ಸಾದ ಅತ್ತೆ ಮಾವ ಕಾದ ತಾರಸಿಯ ಕೆಳಗೆ ಬೆವರುತ್ತ ಮಲಗುತ್ತಾರೆ. ಚಿಕ್ಕಬಳ್ಳಾಪುರ ಜಿಲ್ಲೆಯ ಜನಕ್ಕೆ ತಿಳಿಯದ ವಿದ್ಯೆಯನ್ನು ಯಾರೂ ಹೊರಗಿನಿಂದ ತಂದು ಕಲಿಸಬೇಕಾಗಿಲ್ಲ. ಹುಳುವಿಗಾಗಿ ಕಲಿತದ್ದನ್ನು ಸ್ವಂತ ಮನೆಗೂ ಬಳಸಿಕೊಳ್ಳಬೇಕು, ಅದೂ ಏಸಿ ಅಂಗಡಿಯ ಬಾಗಿಲಿಗೆ ಹೋಗುವುದಕ್ಕೆ ಮೊದಲು ಎಂಬುದೇ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಮನೆಮಾಲೀಕರಿಗೂ ಮೇಸ್ತ್ರಿಗಳಿಗೂ ನಗರಸಭೆಗಳಿಗೂ ಮಾಡುತ್ತಿರುವ ಮನವಿ.

ಮನೆಯೊಳಗಿನ ಸೆಕೆಯ ದೊಡ್ಡ ಪಾಲು ಮೇಲಿನಿಂದ ಬರುತ್ತದೆ. ಚಿಂತಾಮಣಿ ಇರುವುದು ಉತ್ತರ ಅಕ್ಷಾಂಶ 13.4 ಡಿಗ್ರಿಯ ಹತ್ತಿರ. ಇಲ್ಲಿ ಸೂರ್ಯ ಏಪ್ರಿಲ್ ಕೊನೆಯ ವಾರದಲ್ಲೊಮ್ಮೆ, ಆಗಸ್ಟ್ ನಡುವಿನಲ್ಲೊಮ್ಮೆ ನಡುಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲೆ ನಿಲ್ಲುತ್ತಾನೆ. ಆ ಹೊತ್ತಿಗೆ ಗೋಡೆಗಳ ಮೇಲೆ ಬಿಸಿಲು ಹೆಚ್ಚುಕಡಿಮೆ ಬೀಳುವುದೇ ಇಲ್ಲ. ತಾರಸಿಯ ಪ್ರತಿ ಚದರ ಮೀಟರಿಗೆ ಸಾವಿರ ವಾಟ್‌ನಷ್ಟು ಶಾಖ ಸುರಿಯುತ್ತದೆ. ಬರಿಯ ಆರ್‌ಸಿಸಿ ಮೋಲ್ಡು ಅದರ ಬಹುಪಾಲನ್ನು ಹೀರಿಕೊಳ್ಳುತ್ತದೆ. ಐದಾರು ಇಂಚಿನ ಕಾಂಕ್ರೀಟನ್ನು ದಾಟಿ ಶಾಖ ಕೆಳಗಿಳಿಯಲು ಕೆಲವು ಗಂಟೆ ಹಿಡಿಯುತ್ತದೆ. ಮಧ್ಯಾಹ್ನ ಕುಡಿದ ಬಿಸಿಲನ್ನು ಮೋಲ್ಡು ಸಂಜೆಯಿಂದ ನಡುರಾತ್ರಿಯವರೆಗೆ ಕೋಣೆಯೊಳಕ್ಕೆ ಬಿಡುವುದು ಈ ಕಾರಣಕ್ಕೆ. ಹೊರಗೆ ತಂಗಾಳಿ ಬೀಸುತ್ತಿದ್ದರೂ ಒಳಗೆ ನಿದ್ದೆ ಬಾರದಿರುವುದರ ಗುಟ್ಟು ಇಷ್ಟೇ. ಫ್ಯಾನು ಹಾಕಿದರೆ ತಾರಸಿಯ ಕೆಳಗೆ ನಿಂತ ಬಿಸಿ ಗಾಳಿಯನ್ನೇ ಮಂಚದ ಮೇಲೆ ತಂದು ಚೆಲ್ಲುತ್ತದೆ.

ಈ ಸೀಮೆಯ ಹಳೆಯ ಮನೆಗಳು ಬೇರೆ ಬಗೆಯವು. ಬಂಡೆಗಳ ನಾಡಾದ್ದರಿಂದ ಸೂರಿಗೂ ಚಪ್ಪಡಿ ಕಲ್ಲನ್ನೇ ಹೊದಿಸುತ್ತಿದ್ದರು. ಕಲ್ಲು ಬರಿದಾಗಿದ್ದರೆ ಕಾಂಕ್ರೀಟಿಗಿಂತ ಬೇಗ ಶಾಖವನ್ನು ಒಳಗೆ ಬಿಡುತ್ತದೆ. ಅದನ್ನು ಅರಿತೇ ಹಿಂದಿನವರು ಚಪ್ಪಡಿಯ ಮೇಲೆ ದಪ್ಪಗೆ ಮಣ್ಣು ಹರಡಿ, ಇಟ್ಟಿಗೆ ಜಲ್ಲಿ ಸುಣ್ಣದ ಗಾರೆ ಬಡಿದು ಮಾಳಿಗೆ ಮಾಡುತ್ತಿದ್ದರು. ಅಡಿಯಷ್ಟು ದಪ್ಪದ ಮಣ್ಣಿನ ಗೋಡೆ ಹಗಲಿನ ಶಾಖವನ್ನು ತಡೆದು ನಿಲ್ಲಿಸುತ್ತಿತ್ತು. ನಾಡಹೆಂಚಿನ ಮನೆಯಲ್ಲಿ ಹೆಂಚಿನ ಸಂದುಗಳೇ ಬಿಸಿ ಗಾಳಿಗೆ ದಾರಿಯಾಗಿದ್ದವು. ಈ ಮನೆಗಳಲ್ಲಿ ಬೆಳಕು ಕಡಿಮೆ, ಸೋರುವ ಕಾಟ ಇತ್ತು, ವರ್ಷವರ್ಷ ಮೈಮುರಿದು ದುರಸ್ತಿ ಮಾಡಬೇಕಿತ್ತು. ಅವನ್ನು ಬಿಟ್ಟು ಮೋಲ್ಡು ಹಾಕಿದವರನ್ನು ದೂರುವಂತಿಲ್ಲ. ಆದರೆ ಮೋಲ್ಡಿನ ಮೇಲೆ ಹೊದಿಕೆ ಬೇಕೆಂಬ ತಿಳಿವಳಿಕೆಯೂ ಅವುಗಳ ಜೊತೆ ಹೋಗಿಬಿಟ್ಟದ್ದು ದೊಡ್ಡ ನಷ್ಟ. ಕೇಂದ್ರ ಇಂಧನ ಸಚಿವಾಲಯ 2018ರ ಡಿಸೆಂಬರಿನಲ್ಲಿ ಹೊರತಂದ ‘ಇಕೋ ನಿವಾಸ ಸಂಹಿತೆ’ ವಾಸದ ಕಟ್ಟಡದ ಚಾವಣಿಗೆ ಒಂದು ಮಿತಿ ಹೇಳಿದೆ: ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದಾಗ ಚದರ ಮೀಟರಿಗೆ 1.2 ವಾಟ್‌ಗಿಂತ ಹೆಚ್ಚು ಶಾಖ ದಾಟಬಾರದು. ಹೊದಿಕೆಯಿಲ್ಲದ ಮೋಲ್ಡು ಇದರ ಮೂರು ಪಟ್ಟಿನಷ್ಟನ್ನು ಒಳಗೆ ಬಿಡುತ್ತದೆ.

ಕಟ್ಟಿ ಮುಗಿದ ಮನೆಗೆ ಎಲ್ಲಕ್ಕಿಂತ ಅಗ್ಗದ ಮದ್ದು ಸುಣ್ಣ. ತಾರಸಿಯನ್ನು ಗುಡಿಸಿ ತೊಳೆದು, ಬಿರುಕಿದ್ದರೆ ಮುಚ್ಚಿ, ಚೆನ್ನಾಗಿ ನೆನೆದು ಸೋಸಿದ ಸುಣ್ಣಕ್ಕೆ ಅಂಟು ಬೆರೆಸಿ ಎರಡು ಸಲ ಬಳಿಯಬೇಕು. ಬೂದುಬಣ್ಣದ ಕಾಂಕ್ರೀಟು ಹೀರುತ್ತಿದ್ದ ಬಿಸಿಲಿನ ಹೆಚ್ಚಿನ ಪಾಲನ್ನು ಬಿಳಿ ಮೈ ಆಕಾಶಕ್ಕೇ ಹಿಂತಿರುಗಿಸುತ್ತದೆ. ಮೇಲಂತಸ್ತಿನ ಕೋಣೆಯಲ್ಲಿ 2ರಿಂದ 5 ಡಿಗ್ರಿಯವರೆಗೆ ಬಿಸಿ ಇಳಿಯುತ್ತದೆ. ಶೀಟಿನ ಮನೆಯಲ್ಲಿ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಮಳೆಗೂ ಧೂಳಿಗೂ ಬಿಳುಪು ಮಾಸುವುದರಿಂದ ಇದನ್ನು ವರ್ಷಕ್ಕೊಮ್ಮೆ, ಸಂಕ್ರಾಂತಿ ಕಳೆದು ಶಿವರಾತ್ರಿಯೊಳಗೆ, ಮಾಡಿಕೊಳ್ಳುವುದು ಸರಿ. ಸುಣ್ಣ ಅರಳಿಸುವಾಗ ನೀರು ಕುದಿಯುತ್ತದೆ. ಕಣ್ಣಿಗೆ ಸಿಡಿದರೆ ಅಪಾಯ. ಮಕ್ಕಳನ್ನು ದೂರವಿಟ್ಟು, ಕನ್ನಡಕ ಹಾಕಿಕೊಂಡೇ ಕೆಲಸ ಮಾಡಬೇಕು.

ಸ್ವಲ್ಪ ಹೆಚ್ಚು ಖರ್ಚು ಮಾಡಬಲ್ಲವರಿಗೆ ಬಿಳಿ ಟೈಲ್ಸ್ ಚೂರಿನ ಹಾಸು ಒಳ್ಳೆಯದು. ಅಂಗಡಿಗಳಲ್ಲಿ ಒಡೆದು ಬಿದ್ದ ಚೂರುಗಳನ್ನೇ ಗಾರೆಯಲ್ಲಿ ಒತ್ತಿ ಕೂರಿಸಿದರೆ ವರ್ಷಗಟ್ಟಲೆ ಬಾಳುತ್ತದೆ, ಸೋರಿಕೆಯೂ ನಿಲ್ಲುತ್ತದೆ. ಸುಣ್ಣಕ್ಕೂ ಬಿಳಿ ಟೈಲ್ಸಿಗೂ ಒಂದು ಮಿತಿಯಿದೆ: ಡಿಸೆಂಬರ್–ಜನವರಿಯ ಚಳಿಯಲ್ಲಿ ಅವು ಹಗಲಿನ ಹಿತವಾದ ಬಿಸಿಲನ್ನೂ ದೂಡುತ್ತವೆ. ಎರಡು ಕಾಲಕ್ಕೂ ಆಗುವುದು ದಪ್ಪದ ಹೊದಿಕೆ, ಇಲ್ಲವೇ ನೆರಳು. ಸೋಲಾರ್ ಹಲಗೆಗಳನ್ನು ತಾರಸಿಯಿಂದ ಎತ್ತರಿಸಿ ಕೂರಿಸಿದರೆ ವಿದ್ಯುತ್ತಿನ ಜೊತೆ ನೆರಳೂ ಸಿಗುತ್ತದೆ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟ್‌ಗೆ 78,000 ರೂಪಾಯಿ ಸಹಾಯಧನವಿದೆ.

ಸಿಮೆಂಟ್ ಶೀಟು, ತಗಡಿನ ಮನೆಗಳ ಪಾಡು ಎಲ್ಲಕ್ಕಿಂತ ಕಷ್ಟದ್ದು, ಅಲ್ಲಿರುವವರು ಬಡವರೂ ಹೌದು. ತೆಳುವಾದ ಶೀಟು ಶಾಖವನ್ನು ತಡೆಯುವುದೇ ಇಲ್ಲ. ಬಿಸಿಲು ಬಿದ್ದ ಕೆಲವೇ ನಿಮಿಷದಲ್ಲಿ ಕೆಳಗಿದ್ದವರ ತಲೆ ಕಾಯುತ್ತದೆ. ಹುಳುಮನೆಯ ಶೀಟಿಗೆ ತೆಂಗಿನ ಗರಿ ಹೊದಿಸುವ ಊರಿನಲ್ಲಿ ಕೂಲಿಯವರ ಶೀಟಿನ ಮನೆ ಬರಿಮೈಯಲ್ಲಿರುವುದು ನೋಡಲಾಗದ ಸಂಗತಿ. ಮೇಲೆ ಸುಣ್ಣ, ಕೆಳಗೆ ಒಂದಡಿ ಬಿಟ್ಟು ಬಿದಿರಿನ ತಟ್ಟಿ, ಎರಡರ ನಡುವಿನ ಬಿಸಿ ಗಾಳಿ ಹೊರಹೋಗಲು ಎರಡೂ ತುದಿಯಲ್ಲಿ ತೆರಪು. ಇಷ್ಟು ಮಾಡಿದರೂ ಮಧ್ಯಾಹ್ನ ಒಳಗೆ ಕುಳಿತುಕೊಳ್ಳಬಹುದು. ಮೇಲೆ ಗರಿ ಹೊದಿಸುವುದಾದರೆ ಒಲೆ, ಹೊಗೆಕೊಳವೆಗಳಿಂದ ದೂರವಿರಬೇಕು. ಬಾಡಿಗೆಗೆ ಕೊಟ್ಟ ಶೀಟಿನ ಮನೆಗಳ ಮಾಲೀಕರು ಈ ಕೆಲಸವನ್ನು ಬಾಡಿಗೆದಾರರ ತಲೆಗೆ ಕಟ್ಟದೆ ತಾವೇ ಮಾಡಿಸಿಕೊಡಬೇಕೆಂದು ಕೈಮುಗಿದು ಕೇಳಬೇಕಾಗಿದೆ.

ಚಾವಣಿಯ ನಂತರ ಪಡುವಣ ಗೋಡೆ. ದಕ್ಷಿಣದ ಗೋಡೆಗೆ ಎರಡಡಿ ಸಜ್ಜ ಸಾಕಷ್ಟು ನೆರಳು ಕೊಡುತ್ತದೆ, ಏಕೆಂದರೆ ಡಿಸೆಂಬರಿನ ಮಧ್ಯಾಹ್ನವೂ ಸೂರ್ಯ ಇಲ್ಲಿ 53 ಡಿಗ್ರಿ ಎತ್ತರದಲ್ಲಿರುತ್ತಾನೆ. ಇಳಿಹೊತ್ತಿನ ಓರೆಬಿಸಿಲನ್ನು ಮಾತ್ರ ಯಾವ ಸಜ್ಜವೂ ತಡೆಯಲಾರದು. ಅಲ್ಲಿ ಮರ ಬೇಕು. ಹೊಂಗೆ ಬೇಸಗೆಯ ಹೊತ್ತಿಗೆ ಹೊಸ ಚಿಗುರು ತುಂಬಿಕೊಳ್ಳುವ ಮರ. ಮಳೆ ಕಡಿಮೆಯಾದರೂ ಬದುಕುತ್ತದೆ. ಜಾಗವಿಲ್ಲದ ಕಡೆ ಚಪ್ಪರ, ಬಳ್ಳಿ. ಈಚೆಗೆ ಪಡುವಣಕ್ಕೆ ನಾಲ್ಕಿಂಚಿನ ಸಿಮೆಂಟ್ ಇಟ್ಟಿಗೆಯ ಗೋಡೆ ಕಟ್ಟಿ, ಅದರಲ್ಲಿ ದೊಡ್ಡ ಗಾಜನ್ನು ಕೂರಿಸುವ ರೂಢಿ ಪೇಟೆಯಲ್ಲಿ ಹೆಚ್ಚುತ್ತಿದೆ. ರಸ್ತೆಯಿಂದ ನೋಡಲು ಅದು ಚೆಂದ. ಒಳಗೆ ಬದುಕುವವರಿಗೆ ಮೂರು ತಿಂಗಳ ಹಿಂಸೆ.

ಈ ಎತ್ತರದ ನಾಡಿಗೆ ಪ್ರಕೃತಿ ಕೊಟ್ಟ ದೊಡ್ಡ ವರ ಇರುಳಿನ ತಂಪು. ಬೇಸಗೆಯಲ್ಲಿ ಹಗಲಿಗೂ ಇರುಳಿಗೂ ಹತ್ತು ಹನ್ನೆರಡು ಡಿಗ್ರಿಯ ಅಂತರವಿರುತ್ತದೆ. ಕರಾವಳಿಯವರಿಗೆ ಈ ಭಾಗ್ಯವಿಲ್ಲ. ಸಂಜೆ ಹೊರಗಿನ ಗಾಳಿ ಒಳಗಿನದಕ್ಕಿಂತ ತಂಪಾದ ಕೂಡಲೆ ಎದುರುಬದುರಿನ ಕಿಟಕಿಗಳನ್ನು ತೆರೆದು, ಬೆಳಿಗ್ಗೆ ಬಿಸಿಲೇರುವ ಮೊದಲು ಮುಚ್ಚಿ ಪರದೆ ಎಳೆದರೆ ಗೋಡೆ ನೆಲಗಳು ಇರುಳ ತಂಪನ್ನು ಹಿಡಿದುಕೊಂಡು ಮಧ್ಯಾಹ್ನದವರೆಗೆ ಕಾಪಾಡುತ್ತವೆ. ಒಂದು ಯೂನಿಟ್ ವಿದ್ಯುತ್ತೂ ಬೇಡ. ನಡೆಯುತ್ತಿರುವುದು ಮಾತ್ರ ತಿರುಗುಮುರುಗು: ಹಗಲೆಲ್ಲ ಕಿಟಕಿ ತೆರೆದು ಬಿಸಿ ಗಾಳಿ ತುಂಬಿಸಿಕೊಂಡು, ರಾತ್ರಿ ಸೊಳ್ಳೆಗೂ ಕಳ್ಳರಿಗೂ ಹೆದರಿ ಭದ್ರವಾಗಿ ಮುಚ್ಚುವುದು. ಹೆದರಿಕೆ ಸುಳ್ಳಲ್ಲ. ಅದಕ್ಕೆ ಉತ್ತರ ಕಬ್ಬಿಣದ ಸರಳು ಮತ್ತು ಬಲೆ. ಊಜಿ ನೊಣಕ್ಕೆ ಹಾಕುವ ನೈಲಾನ್ ಬಲೆ ಸೊಳ್ಳೆಗೂ ಆದೀತು. ಜಾರುವ ಅಲ್ಯುಮಿನಿಯಂ ಕಿಟಕಿ ಎಷ್ಟು ಅಗಲವಿದ್ದರೂ ಅರ್ಧವೇ ತೆರೆಯುವುದು. ಹಿಂದಿನಂತೆ ಪೂರ್ತಿ ತೆರೆಯುವ ಬಾಗಿಲುಕಿಟಕಿಯೂ ಮೇಲೊಂದು ಗವಾಕ್ಷಿಯೂ ಇದ್ದರೆ ಗಾಳಿ ಇಮ್ಮಡಿಯಾಗುತ್ತದೆ.

ಇಷ್ಟಾದ ಮೇಲೆ ಯಂತ್ರಗಳ ಸರದಿ. ಸಾಧಾರಣ ಫ್ಯಾನು 75 ವಾಟ್ ಎಳೆಯುತ್ತದೆ. ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಬಿಎಲ್‌ಡಿಸಿ ಫ್ಯಾನು ಅದೇ ಗಾಳಿಯನ್ನು ಸುಮಾರು 30 ವಾಟ್‌ನಲ್ಲಿ ಕೊಡುತ್ತದೆ. ತಿಂಗಳಿಗೆ 11 ಯೂನಿಟ್ ಆಗುತ್ತದೆ. ಒಂದು ಟನ್ನಿನ ಏಸಿ ಪೂರ್ಣ ಹೊರೆಯಲ್ಲಿ ಗಂಟೆಗೆ ಸುಮಾರು ಒಂದು ಯೂನಿಟ್ ನುಂಗುತ್ತದೆ. ಕಾದ ತಾರಸಿಯ ಕೆಳಗೆ ರಾತ್ರಿ ಎಂಟು ಗಂಟೆ ಓಡಿಸಿದರೆ ಅದೊಂದೇ ತಿಂಗಳಿಗೆ 200 ಯೂನಿಟ್ ದಾಟಬಹುದು. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಗರಿಷ್ಠ ಮಿತಿಯೂ 200 ಯೂನಿಟ್. ಅದನ್ನು ಮೀರಿದ ತಿಂಗಳು ಬೆಸ್ಕಾಂನ ಪೂರ್ತಿ ಬಿಲ್ಲು ಕಟ್ಟಬೇಕು. ಕಾಯಿಲೆಯವರಿಗೆ, ವೃದ್ಧರಿಗೆ ಏಸಿ ಬೇಕೇ ಆದಾಗ ಮೊದಲು ಆ ಕೋಣೆಯ ಚಾವಣಿಯನ್ನು ಸರಿಪಡಿಸಿ, 24 ಡಿಗ್ರಿಗಿಂತ ಕೆಳಗಿಳಿಸದೆ, ಫ್ಯಾನಿನ ಜೊತೆ ಬಳಸಬೇಕು. ಇಂಧನ ದಕ್ಷತಾ ಬ್ಯೂರೋದ ಲೆಕ್ಕದಲ್ಲಿ ಏರಿಸಿದ ಒಂದೊಂದು ಡಿಗ್ರಿಗೂ ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ. ನೀರು ಆವಿಯಾಗಿಸುವ ಕೂಲರ್ ಇಲ್ಲಿನ ಒಣ ಏಪ್ರಿಲ್‌ಗೆ ಹೊಂದುತ್ತದಾದರೂ, ಸಾವಿರ ಅಡಿಗೂ ಆಳದ ಕೊಳವೆಬಾವಿಯಿಂದ ಎತ್ತಿದ ನೀರನ್ನು ಅದಕ್ಕೆ ಸುರಿಯುವುದು ದುಬಾರಿಯ ದಾರಿ.

ವಾಸದ ಮನೆಗಳಷ್ಟೇ ತುರ್ತಾಗಿ ನೋಡಬೇಕಾದದ್ದು ನೂಲು ಬಿಚ್ಚುವ ಘಟಕಗಳನ್ನು. ಶಿಡ್ಲಘಟ್ಟದ ದೊಡ್ಡ ಗೂಡಿನ ಮಾರುಕಟ್ಟೆಯಿಂದ ಹೊರಟ ಗೂಡು ಕುದಿನೀರಿನಲ್ಲಿ ಬೇಯುವುದು ಇಂಥ ತಗ್ಗು ಸೂರಿನ ಶೆಡ್ಡುಗಳಲ್ಲಿ. ಸೌದೆಯ ಒಲೆ, ಹಬೆ, ಸತ್ತ ಹುಳುವಿನ ವಾಸನೆ, ಮೇಲೆ ಕಾದ ಶೀಟು. ಬಹಳ ಕಡೆ ಹೆಣ್ಣುಮಕ್ಕಳೇ ದಿನವಿಡೀ ಬಿಸಿನೀರಿನಲ್ಲಿ ಕೈಯಿಟ್ಟು ಎಳೆ ಹುಡುಕುತ್ತ ಕೂರುತ್ತಾರೆ. ಸೂರಿನ ನೆತ್ತಿಯಲ್ಲಿ ಉದ್ದಕ್ಕೂ ಒಂದು ತೆರಪು ಬಿಟ್ಟು ಮೇಲೆ ಟೊಪ್ಪಿ ಹೊದಿಸಿದರೆ ಹಬೆ ತಾನಾಗಿಯೇ ಏರಿ ಹೊರಹೋಗುತ್ತದೆ. ಒಲೆಗೆ ಸರಿಯಾದ ಹೊಗೆಕೊಳವೆ, ಬಿಸಿನೀರಿಗೆ ಸೋಲಾರ್ ಹೀಟರಿನ ನೆರವು ಸಿಕ್ಕರೆ ಸೌದೆಯೂ ಉಳಿಯುತ್ತದೆ. ಹುಳು ಗೂಡು ಕಟ್ಟುವವರೆಗೆ ಅದಕ್ಕೆ ಸಿಗುವ ಗಾಳಿ, ಆ ಗೂಡನ್ನು ಬಿಚ್ಚುವ ಕೈಗಳಿಗೆ ಸಿಗದಿರುವುದು ನ್ಯಾಯವಲ್ಲ.

ಹೊಸದಾಗಿ ಕಟ್ಟುವವರಿಗೆ ದಾರಿಗಳು ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ಕೇಂದ್ರ, ಕೆ.ಎಸ್. ಜಗದೀಶ್ ಮೊದಲಾದವರ ದುಡಿಮೆಯಿಂದ, ಕೆಮ್ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ ಒತ್ತಿದ, ಸುಡದ ಇಟ್ಟಿಗೆಯನ್ನು ರೂಢಿಗೆ ತಂದಿತು. ಚಿಂತಾಮಣಿಯ ಕೆಂಪು ನೆಲದಲ್ಲಿ ಅದಕ್ಕೆ ಮಣ್ಣಿನ ಬರವಿಲ್ಲ. ಇಟ್ಟಿಗೆಯನ್ನು ನಡುವೆ ಪೊಳ್ಳು ಬರುವಂತೆ ನಿಲ್ಲಿಸಿ ಕಟ್ಟುವ, ಲಾರಿ ಬೇಕರ್ ಜನಪ್ರಿಯಗೊಳಿಸಿದ ಪದ್ಧತಿಯಲ್ಲಿ ಕಾಲುಭಾಗ ಇಟ್ಟಿಗೆ ಉಳಿದು, ಗೋಡೆಯೊಳಗಿನ ಗಾಳಿಯೇ ಶಾಖವನ್ನು ತಡೆಯುತ್ತದೆ. ಮೋಲ್ಡಿನ ಕೆಳಭಾಗದಲ್ಲಿ ಹೆಂಚು ಕೂರಿಸುವ ಅವರದೇ ಕ್ರಮದಲ್ಲಿ ಕಾಂಕ್ರೀಟೂ ಕಡಿಮೆ, ಬಿಸಿಯೂ ಕಡಿಮೆ. ಮೇಸ್ತ್ರಿಗಳು ಮೊದಲ ಸಲ ಹಿಂಜರಿಯುವುದು ಸಹಜ. ಒಂದು ಮನೆ ಕಟ್ಟಿದ ಮೇಲೆ ಕೈ ಪಳಗುತ್ತದೆ. ಜಿಲ್ಲಾ ನಿರ್ಮಿತಿ ಕೇಂದ್ರ ಇದಕ್ಕೆ ತರಬೇತಿ ಕೊಡಲು ತಕ್ಕ ಜಾಗ.

ಉಳಿದದ್ದು ಸರ್ಕಾರದ ಕಟ್ಟಡಗಳು. ಶಾಲೆ, ಅಂಗನವಾಡಿ, ಪ್ರಾಥಮಿಕ ಆರೋಗ್ಯ ಕೇಂದ್ರ, ವಿದ್ಯಾರ್ಥಿನಿಲಯಗಳ ತಾರಸಿಗೆ ಪ್ರತಿ ಫೆಬ್ರುವರಿಯಲ್ಲಿ ಸುಣ್ಣ ಬಳಿಯುವ ಖರ್ಚು ಪಂಚಾಯಿತಿಗೂ ನಗರಸಭೆಗೂ ಹೊರಲಾಗದ ಹೊರೆಯಲ್ಲ. ತೆಲಂಗಾಣ ಸರ್ಕಾರ 2023ರಲ್ಲಿ ತಂಪು ಚಾವಣಿಗಾಗಿಯೇ ಒಂದು ನೀತಿ ಪ್ರಕಟಿಸಿತು. ಅಹಮದಾಬಾದ್ ನಗರ 2013ರಿಂದ ಬಿಸಿಲ ಹೊಡೆತ ಎದುರಿಸುವ ಯೋಜನೆಯನ್ನು ನಡೆಸುತ್ತಿದೆ, ಬಡವರ ಮನೆಗಳ ಚಾವಣಿಗೆ ಬಿಳಿ ಬಳಿಸುವುದೂ ಅದರ ಭಾಗವಾಯಿತು. ಚಿಂತಾಮಣಿ ನಗರಸಭೆ ಕಟ್ಟಡ ಪರವಾನಗಿ ಕೊಡುವಾಗ ನಕ್ಷೆಯಲ್ಲಿ ಮೂರು ಸಂಗತಿ ಕೇಳಿದರೆ ಸಾಕು: ಚಾವಣಿಯ ಹೊದಿಕೆ ಯಾವುದು, ಪಡುವಣಕ್ಕೆ ನೆರಳು ಹೇಗೆ, ಪ್ರತಿ ಮಲಗುವ ಕೋಣೆಗೂ ಎದುರುಬದುರು ಗಾಳಿ ಇದೆಯೇ. ವಸತಿ ಯೋಜನೆಗಳ ಮನೆಗೆ ಕೊನೆಯ ಕಂತು ಬಿಡುಗಡೆ ಮಾಡುವ ಮೊದಲು ತಾರಸಿಗೆ ಸುಣ್ಣವಾಗಿದೆಯೇ ಎಂದು ನೋಡುವ ಅಧಿಕಾರಿ, ಆ ಮನೆಯವರ ಮುಂದಿನ ಬೇಸಗೆಯನ್ನು ಹಗುರ ಮಾಡುತ್ತಾರೆ. ಮುಂದಿನ ಅಂದಾಜುಪಟ್ಟಿಯಲ್ಲೇ ಸುಣ್ಣದ ಬಾಬತ್ತನ್ನು ಸೇರಿಸಬೇಕೆಂದು ನಗರಸಭೆಯ ಸದಸ್ಯರನ್ನು ವಾರ್ಡಿನ ನಾಗರಿಕರು ಈಗಲೇ ಕೇಳಬೇಕು. ಮಾರ್ಚ್ ಬಂದ ಮೇಲೆ ಕೇಳಿದರೆ ಆ ವರ್ಷದ ಬಿಸಿಲಿಗೆ ಕೆಲಸ ಮುಗಿಯುವುದಿಲ್ಲ.