ಕಾಯದೆಯಲ್ಲಿ ಜೋಗತ, ಅಂಗಳದಲ್ಲಿ ಚೌಡಿಕೆ

ಸಂಸತ್ತು 2019ರಲ್ಲಿ ಅಂಗೀಕರಿಸಿದ ತೃತೀಯಲಿಂಗಿ ವ್ಯಕ್ತಿಗಳ ಹಕ್ಕುಗಳ ಸಂರಕ್ಷಣಾ ಅಧಿನಿಯಮದ ಎರಡನೆಯ ಕಲಮನ್ನು ಓದಿದವರು ಅಲ್ಲಿ ಒಂದು ಪರಿಚಿತ ಶಬ್ದವನ್ನು ಕಾಣುತ್ತಾರೆ. ಕಿನ್ನರ, ಹಿಜಡಾ, ಅರವಾನಿ ಎಂಬ ಹೆಸರುಗಳ ಸಾಲಿನಲ್ಲಿ ನಾಲ್ಕನೆಯದಾಗಿ 'ಜೋಗತಾ' ಎಂದಿದೆ. ಸರ್ವೋಚ್ಚ ನ್ಯಾಯಾಲಯವೂ 2014ರ ಏಪ್ರಿಲ್ 15ರ ತನ್ನ ಪ್ರಸಿದ್ಧ ತೀರ್ಪಿನಲ್ಲಿ, ಮಹಾರಾಷ್ಟ್ರ ಮತ್ತು ಕರ್ನಾಟಕಗಳಲ್ಲಿ ರೇಣುಕಾ ಎಲ್ಲಮ್ಮನ ಸೇವೆಗೆ ನಿಂತ ಜೋಗತರನ್ನು, ಜೋಗಪ್ಪಗಳನ್ನು ಹೆಸರಿಸಿಯೇ ವಿವರಿಸಿದೆ. ದಿಲ್ಲಿಯವರಿಗೆ ಅದು ವ್ಯಾಖ್ಯೆಯೊಳಗಿನ ಒಂದು ಪದ. ಗಡಹಿಂಗ್ಲಜ, ಇಚಲಕರಂಜಿ, ಕೊಲ್ಹಾಪುರಗಳ ನಮಗೆ ಅದು ಮಂಗಳವಾರ, ಶುಕ್ರವಾರಗಳಂದು ಬಾಗಿಲಿಗೆ ಬರುವ ಚೌಡಿಕೆಯ ನಾದ.

ಎಲ್ಲಮ್ಮನಿಗೆ ರಾಜ್ಯದ ಗಡಿ ತಿಳಿಯದು. ಹೊಸ್ತಿಲ ಹುಣ್ಣಿಮೆಗೆ ಕೊಲ್ಹಾಪುರದಿಂದ ಸವದತ್ತಿಯ ಗುಡ್ಡಕ್ಕೆ ಹೊರಡುವ ಜನಸಮೂಹದಲ್ಲಿ ಕನ್ನಡದವರೆಷ್ಟು, ಮರಾಠಿಯವರೆಷ್ಟು ಎಂದು ಯಾರೂ ಎಣಿಸುವುದಿಲ್ಲ. ನಾವು ಚೌಡಿಕೆ ಎನ್ನುವ ವಾದ್ಯವೇ ಮರಾಠಿಯಲ್ಲಿ ಚೌಂಡಕ. ಗಡಹಿಂಗ್ಲಜ ಭಾಗದ ಕಾದಂಬರಿಕಾರ ರಾಜನ ಗವಸ ಅವರು ತಮ್ಮ ಒಂದು ಕಾದಂಬರಿಗೆ ಆ ಹೆಸರನ್ನೇ ಇಟ್ಟರು. ಅದನ್ನೂ ಅವರ 'ಭಂಡಾರಭೋಗ'ವನ್ನೂ ಆಧರಿಸಿ 2009ರಲ್ಲಿ 'ಜೋಗವಾ' ಚಲನಚಿತ್ರ ಬಂದಿತು. ಚೌಡಿಕೆ, ತುಂತುಣಿ, ತಾಳ, ತಲೆಯ ಮೇಲೆ ಕೊಡ ಅಥವಾ ದೇವಿಯ ಜಗ, ಹಣೆಯ ತುಂಬ ಭಂಡಾರ: ಇಷ್ಟೇ ಸಾಧನಗಳಿಂದ ರೇಣುಕೆಯ ಸಂಪೂರ್ಣ ಕಥೆಯನ್ನು ಅಂಗಳದಲ್ಲಿ ನಿಲ್ಲಿಸುವ ಕಲೆ ಇದು.

ಈ ಕಲೆ ತನ್ನವರಿಗೆ ಏನನ್ನು ಕೊಟ್ಟಿತು ಎಂಬುದಕ್ಕೆ ಮಂಜಮ್ಮ ಜೋಗತಿಯವರ ಬದುಕು ಸಾಕ್ಷಿ. ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಮಂಜುನಾಥ ಶೆಟ್ಟಿಯಾಗಿ ಹುಟ್ಟಿದ ಅವರು ತಾವು ಹೆಣ್ಣೆಂದು ಅರಿತ ಮೇಲೆ ಮನೆಯಿಂದ ದೂರವಾಗಬೇಕಾಯಿತು. ಭಿಕ್ಷೆ ಬೇಡಿದರು, ಒಮ್ಮೆ ವಿಷವನ್ನೂ ಕುಡಿದರು. ಅವರನ್ನು ಬದುಕಿಗೆ ಕಟ್ಟಿಹಾಕಿದ್ದು ತಲೆಯ ಮೇಲಿನ ಕೊಡ ಮತ್ತು ಕಾಳವ್ವ ಜೋಗತಿ ಎಂಬ ಗುರು. ಹೆತ್ತ ಮನೆ ಕೊಡದ ನೆಲೆಯನ್ನು ಹಾಡಿನ ಮೇಳ ಕೊಟ್ಟಿತು. ಕಾಳವ್ವನವರ ತರುವಾಯ ಮೇಳದ ಹೊಣೆ ಮಂಜಮ್ಮನವರ ಹೆಗಲಿಗೆ ಬಂತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು. ಅವರ ಆತ್ಮಕಥನದ ಹೆಸರು 'ನಡುವೆ ಸುಳಿವ ಹೆಣ್ಣು'. ನಡುವೆ ಸುಳಿಯುವ ಆತ್ಮ ಹೆಣ್ಣೂ ಅಲ್ಲ, ಗಂಡೂ ಅಲ್ಲ ಎಂದ ಜೇಡರ ದಾಸಿಮಯ್ಯನ ನೆನಪು ಆ ಹೆಸರಿನಲ್ಲಿದೆ. ದಾಸಿಮಯ್ಯ ನೇಕಾರ, ಮಗ್ಗದ ಊರಾದ ಇಚಲಕರಂಜಿಗೆ ಆತನನ್ನು ಪರಿಚಯಿಸಬೇಕಾದುದಿಲ್ಲ.

ಆದರೆ ಆ ನೆಲೆಗೆ ತೆರಬೇಕಾದ ಬೆಲೆಯೂ ಇತ್ತು. ಮುತ್ತು ಕಟ್ಟಿಸಿಕೊಂಡವರಿಗೆ ಜೋಳಿಗೆ ಬಿಟ್ಟರೆ ಬೇರೆ ಜೀವನೋಪಾಯ ಉಳಿಯುತ್ತಿರಲಿಲ್ಲ. ಅರಿಯದ ಹೆಣ್ಣುಮಕ್ಕಳನ್ನು ದೇವರ ಹೆಸರಿನಲ್ಲಿ ಬಿಟ್ಟು ಅವರ ಬಾಳನ್ನು ಹಾಳುಗೆಡವಿದ ಪಾಪವೂ ಇದೇ ಪದ್ಧತಿಯ ನೆರಳಿನಲ್ಲಿ ನಡೆಯಿತು. ಅದಕ್ಕೆಂದೇ ರಾಜರ್ಷಿ ಶಾಹೂ ಮಹಾರಾಜರು 1920ರಲ್ಲಿ ಕೊಲ್ಹಾಪುರ ಸಂಸ್ಥಾನದಲ್ಲಿ ಜೋಗತಿ, ಮುರಳಿಯರನ್ನು ಬಿಡುವ ಪದ್ಧತಿಯನ್ನು ಕಾಯದೆಯಿಂದ ನಿಷೇಧಿಸಿದರು. ಅರ್ಧ ಶತಮಾನದ ನಂತರ ದೇವದಾಸಿಯರ ಪುನರ್ವಸತಿಯ ಚಳವಳಿಗೆ ಗಡಹಿಂಗ್ಲಜವೇ ಒಂದು ಕೇಂದ್ರವಾಯಿತು. ಈ ನಿಷೇಧ ನ್ಯಾಯಯುತವಾದುದು. ಅದರಲ್ಲಿ ಸಡಿಲಿಕೆ ಸಲ್ಲದು.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಬಗೆಯ ಕಾಯದೆಯನ್ನೂ ಈ ದೇಶ ಕಂಡಿದೆ. 1871ರ ಅಪರಾಧಿ ಬುಡಕಟ್ಟುಗಳ ಅಧಿನಿಯಮದ ಎರಡನೆಯ ಭಾಗ ಜಾರಿಯಲ್ಲಿದ್ದ ಪ್ರಾಂತಗಳಲ್ಲಿ, ಸರಕಾರಿ ದಾಖಲೆಗೆ ಸೇರಿದ ಹಿಜಡಾ ವ್ಯಕ್ತಿ ಹೆಣ್ಣುಡುಗೆಯಲ್ಲಿ ಬೀದಿಗೆ ಬಂದರೆ, ಬೀದಿಯಲ್ಲಿ ಕುಣಿದರೆ, ವಾದ್ಯ ನುಡಿಸಿದರೆ, ಎರಡು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಿತ್ತು. ಶಾಹೂ ಮಹಾರಾಜರ ಕಾಯದೆ ತಡೆದದ್ದು ಮನುಷ್ಯರನ್ನು ದೇವರಿಗೆ ಬಿಡುವ ಕೃತ್ಯವನ್ನು; ಬ್ರಿಟಿಷರ ಕಾಯದೆ ಅಪರಾಧವೆಂದು ಕರೆದದ್ದು ಮನುಷ್ಯರ ಉಡುಗೆಯನ್ನೂ ಹಾಡನ್ನೂ. ಈ ಎರಡರ ನಡುವಿನ ಅಂತರವನ್ನು ನಮ್ಮ ಸಮಾಜ ಇನ್ನೂ ಸರಿಯಾಗಿ ಗ್ರಹಿಸಿಲ್ಲ. ಅನಿಷ್ಟ ಪದ್ಧತಿ ಹೋಗಬೇಕೆಂಬ ಮಾತಿನ ಮರೆಯಲ್ಲಿ, ಆ ಹಾಡುಗಳನ್ನು ಕಂಠದಲ್ಲಿ ಉಳಿಸಿಕೊಂಡ ಕಲಾವಿದರನ್ನೇ ನಾವು ಹೊರಗಿಡುತ್ತಿದ್ದೇವೆ.

ಅಮೇರಿಕೆಯಲ್ಲಿಯೂ ಇಂಥದೊಂದು ಕಥೆ ನಡೆದಿದೆ. ಅಲ್ಲಿಯ ಹಳ್ಳಿಗರ 'ಕಂಟ್ರಿ' ಸಂಗೀತದ ಜೀವಾಳವಾದ ಬ್ಯಾಂಜೋ ವಾದ್ಯದ ಮೂಲ, ಗುಲಾಮರಾಗಿ ಬಂದ ಆಫ್ರಿಕನ್ನರಲ್ಲಿದೆ. ಆದರೆ 1920ರ ದಶಕದ ಧ್ವನಿಮುದ್ರಿಕೆ ಕಂಪನಿಗಳು ಕರಿಯರ ಹಾಡನ್ನೂ ಬಿಳಿಯರ ಹಾಡನ್ನೂ ಬೇರೆ ಬೇರೆ ಪಟ್ಟಿಗಳಲ್ಲಿ ಮಾರಿದವು. ಕಂಟ್ರಿ ಬಿಳಿಯರ ಸೊತ್ತೆನಿಸಿತು. ನ್ಯಾಶ್‌ವಿಲ್ಲಿನ ಪ್ರಖ್ಯಾತ ಗ್ರ್ಯಾಂಡ್ ಓಲ್ ಓಪ್ರಿ ವೇದಿಕೆಯ ಮೊದಲ ತಾರೆಗಳಲ್ಲಿ ಒಬ್ಬರಾಗಿದ್ದ ಕಪ್ಪು ಕಲಾವಿದ ಡಿಫೋರ್ಡ್ ಬೈಲಿಯವರನ್ನು 1941ರಲ್ಲಿ ಕೆಲಸದಿಂದ ತೆಗೆಯಲಾಯಿತು. 1973ರಲ್ಲಿ ಪ್ಯಾಟ್ರಿಕ್ ಹ್ಯಾಗರ್ಟಿ ಸಲಿಂಗಿಗಳ ಬಾಳನ್ನು ಕಂಟ್ರಿ ಧಾಟಿಯಲ್ಲಿ ಹಾಡಿ ಮುದ್ರಿಸಿದಾಗ ದೊಡ್ಡ ವೇದಿಕೆಗಳು ಅವರನ್ನು ಒಳಗೆ ಬಿಡಲಿಲ್ಲ. ಕೊನೆಗೆ 2021ರಲ್ಲಿ ಕಪ್ಪು ಕಲಾವಿದರು 'ಬ್ಲ್ಯಾಕ್ ಓಪ್ರಿ' ಎಂಬ ತಮ್ಮದೇ ಬಳಗ ಕಟ್ಟಿಕೊಂಡರು. ಲಿಂಗತ್ವ ಅಲ್ಪಸಂಖ್ಯಾತರಿಗೂ ಅದು ಆಸರೆಯಾಯಿತು. ನಮ್ಮ ಜೋಗತಿಯರಿಗೆ ಬಳಗವನ್ನು ಹೊಸದಾಗಿ ಕಟ್ಟುವ ಅಗತ್ಯವಿಲ್ಲ. ತಲೆತಲಾಂತರದಿಂದ ಇರುವ ಆ ಬಳಗಕ್ಕೆ ಬೇಕಾದುದು ಮಾನ ಮತ್ತು ಕಾಯದೆಯ ಆಧಾರ.

ಕಾಯದೆಯ ಕೊರತೆ ಎಲ್ಲಿದೆ ಎಂಬುದನ್ನು ಹೇಳುವುದು ವಕೀಲನಾದವನ ಕರ್ತವ್ಯ. ನಮ್ಮ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಬರೆದ ಮಿತಾಕ್ಷರದಲ್ಲಿ, ಬಂಧುಗಳಿಲ್ಲದಾಗ ಗುರು, ಶಿಷ್ಯ, ಸಹಾಧ್ಯಾಯಿಗಳಿಗೂ ವಾರಸಾ ಹಕ್ಕು ಇತ್ತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ವಾರಸುದಾರರ ಪಟ್ಟಿಯಲ್ಲಿ ಶಿಷ್ಯರಿಗೆ ಸ್ಥಾನವಿಲ್ಲ. ಹೀಗಾಗಿ ಜೋಗತಿಯೊಬ್ಬರು ಕಣ್ಣು ಮುಚ್ಚಿದರೆ ಕೊನೆಯ ತನಕ ಗಂಜಿ ಕಾಯಿಸಿ ಕೊಟ್ಟ ಶಿಷ್ಯೆಗೆ ಏನೂ ದಕ್ಕದೆ, ಮನೆಯಿಂದ ಹೊರಹಾಕಿದ ಒಡಹುಟ್ಟಿದವರೇ ಹಕ್ಕುದಾರರಾಗಿ ಬಂದು ನಿಲ್ಲಬಹುದು. ಇದಕ್ಕೆ ಇಂದು ಕೈಗೆಟಕುವ ಪರಿಹಾರವೆಂದರೆ ಮೃತ್ಯುಪತ್ರ. ಬಿಳಿಯ ಹಾಳೆಯ ಮೇಲೆ ಬರೆದರೂ ಸಾಕು. ಬರೆಸಿದವರ ಸಹಿ ಅಥವಾ ಹೆಬ್ಬೆಟ್ಟು, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ಸ್ಟಾಂಪು ಬೇಡ, ನೋಂದಣಿಯೂ ಕಡ್ಡಾಯವಲ್ಲ. ಆದರೂ ನೋಂದಾಯಿಸಿದರೆ ಮುಂದಿನ ತಂಟೆ ಕಡಿಮೆ. ಮನೆ, ಬ್ಯಾಂಕಿನ ಹಣದ ಜೊತೆಗೆ ಜಗ, ಚೌಡಿಕೆಗಳನ್ನೂ ಅದರಲ್ಲಿ ಹೆಸರಿಸಬೇಕು.

ಎರಡನೆಯದು ಮಾನದ ವಿಷಯ. ಮಹಾರಾಷ್ಟ್ರ ಸರಕಾರವು ಹಿರಿಯ ಸಾಹಿತಿ, ಕಲಾವಿದರಿಗೆ ಮಾನಧನ ಕೊಡುವ ಯೋಜನೆ ಇಂದು ರಾಜರ್ಷಿ ಶಾಹೂ ಮಹಾರಾಜರ ಹೆಸರನ್ನೇ ಹೊತ್ತಿದೆ. ಚೌಡಿಕೆ ಹಾಡುವವರು ಕಲಾವಿದರೇ. ಅರ್ಜಿ ಬರೆಯಲು, ಕಾಗದಪತ್ರ ಕೂಡಿಸಲು ನಮ್ಮ ಅಕ್ಷರಸ್ಥ ತರುಣರು ನೆರವಾಗಬೇಕು. ನಮ್ಮ ಕನ್ನಡ ಸಂಘಗಳಾದರೂ ರಾಜ್ಯೋತ್ಸವದ ವೇದಿಕೆಗೆ ದೂರದ ಗಾಯಕರನ್ನು ಕರೆಸುವ ಮೊದಲು, ಮರಾಠಿ ನೆಲದಲ್ಲಿ ಕನ್ನಡದ ಹಾಡನ್ನು ಯಾವ ಅನುದಾನವೂ ಇಲ್ಲದೆ ಉಳಿಸಿದವರನ್ನು ನೆನೆಯಲಿ. ಅವರಿಗೆ ವೀಳ್ಯ ಕೊಟ್ಟು ಆಮಂತ್ರಿಸಲಿ, ಸಂಭಾವನೆಯನ್ನು ಮೊದಲೇ ಗೊತ್ತುಪಡಿಸಲಿ, ಕರಪತ್ರದಲ್ಲಿ ಹೆಸರನ್ನು ಅವರು ಹೇಳಿದಂತೆಯೇ ಅಚ್ಚು ಹಾಕಿಸಲಿ. ಮೊರದ ಜೋಳಕ್ಕೂ ಸಂಭಾವನೆಗೂ ಇರುವ ವ್ಯತ್ಯಾಸ ಬರೀ ಹಣದ್ದಲ್ಲ: ಒಂದು ಭಿಕ್ಷೆ, ಇನ್ನೊಂದು ಹಕ್ಕು.