ಕಾವನ್ನು ಕಾಯುವ ಕಷ್ಟ

1955ರ ಆಗಸ್ಟ್ ತಿಂಗಳಿನಲ್ಲಿ, ಪರಮಾಣುಶಕ್ತಿಯ ಶಾಂತಿಯುತ ಉಪಯೋಗಗಳನ್ನು ಕುರಿತು ವಿಶ್ವಸಂಸ್ಥೆಯ ಸಮ್ಮೇಳನವೊಂದು ಜಿನೀವಾ ನಗರದಲ್ಲಿ ನಡೆಯಿತು. ಅದರ ಅಧ್ಯಕ್ಷರಾಗಿದ್ದ ನಮ್ಮ ಹೋಮಿ ಭಾಭಾ ಅವರು, ಇನ್ನೆರಡು ದಶಕಗಳೊಳಗೆ ಪರಮಾಣು ಬೀಜಗಳ ಸಂಲಯನದಿಂದ ಹತೋಟಿಯಲ್ಲಿ ಶಕ್ತಿ ಪಡೆಯುವ ವಿದ್ಯೆ ಮಾನವನಿಗೆ ಕರಗತವಾಗುವುದೆಂದು ಭವಿಷ್ಯ ನುಡಿದರು. ಎರಡಲ್ಲ, ಏಳು ದಶಕಗಳು ಕಳೆದುವು. ಆ ವಿದ್ಯುತ್ತು ಇನ್ನೂ ಯಾವ ಮನೆಯ ದೀಪವನ್ನೂ ಬೆಳಗಿಲ್ಲ. ಇದನ್ನು ಕಂಡು ನಗುವವರುಂಟು. ನಗುವ ಮೊದಲು ತಡವೇಕಾಯಿತೆಂದು ವಿಚಾರಿಸುವುದು ವಿದ್ಯಾವಂತರಿಗೆ ಉಚಿತವೆಂದು ನಾನು ಭಾವಿಸುತ್ತೇನೆ.

ಜಲಜನಕದ ಬೀಜಗಳು ಒಂದನ್ನೊಂದು ದೂರ ತಳ್ಳುತ್ತವೆ. ಅವು ಕೂಡಬೇಕಾದರೆ ಸುಮಾರು 15 ಕೋಟಿ ಡಿಗ್ರಿಯ ಕಾವು ಬೇಕು. ಇದು ಸೂರ್ಯಗರ್ಭದ ಕಾವಿಗಿಂತ ಹತ್ತುಪಟ್ಟು. ಆ ಸ್ಥಿತಿಯಲ್ಲಿ ವಸ್ತುವು ವಿದ್ಯುದಾವೇಶವುಳ್ಳ ಕಣಗಳ ಅನಿಲವಾಗುತ್ತದೆ, ಅದೇ ಪ್ಲಾಸ್ಮಾ. ಅದನ್ನು ತಾಳುವ ಪಾತ್ರೆಯಿಲ್ಲ. ಆದುದರಿಂದ ಬಳೆಯಾಕಾರದ ಟೋಕಮಾಕ್ ಯಂತ್ರದಲ್ಲಿ, ಗೋಡೆಗೆ ತಾಗದಂತೆ, ಕಾಂತಕ್ಷೇತ್ರದಿಂದ ಅದನ್ನು ಕಟ್ಟಿಹಾಕುತ್ತಾರೆ.

ಕಾಯಿಸುವುದು ಸಾಧ್ಯವಾಗಿದೆ. ಕಷ್ಟವಿರುವುದು ಕಾವನ್ನು ಕಾಯುವುದರಲ್ಲಿ. ಲೋಟದ ಬಿಸಿ ಹಾಲು ತಾನಾಗಿ ಆರಲು ಬಹಳ ಹೊತ್ತು ಬೇಕು; ಚಮಚದಿಂದ ಕದಡಿದರೆ ಬೇಗ ಆರುತ್ತದೆ. ಪ್ಲಾಸ್ಮಾವಾದರೋ ಕದಡುವವರಿಲ್ಲದೆಯೇ ಕದಡಿಕೊಳ್ಳುತ್ತದೆ. ನಡುವಿನ ಉರಿಗೂ ಅಂಚಿನ ತಂಪಿಗೂ ಇರುವ ಅಂತರವೇ ಅದರೊಳಗೆ ಸಣ್ಣ ಸಣ್ಣ ಸುಳಿಗಳನ್ನೆಬ್ಬಿಸಿ ಕಾವನ್ನು ಹೊರಕ್ಕೊಯ್ಯುತ್ತದೆ. ಹೆಚ್ಚು ಕಾಯಿಸಿದಷ್ಟೂ ಸುಳಿ ಹೆಚ್ಚು. ಸುಳಿ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. 1955ರಲ್ಲಿ ಈ ಶತ್ರುವಿನ ಬಲವನ್ನು ಯಾರೂ ಸರಿಯಾಗಿ ಅಳೆದಿರಲಿಲ್ಲ.

1982ರಲ್ಲಿ ಒಂದು ಸೋಜಿಗ ನಡೆಯಿತು. ಜರ್ಮನಿಯ ಗಾರ್ಕಿಂಗ್‌ನಲ್ಲಿದ್ದ ಆಸ್ಡೆಕ್ಸ್ ಯಂತ್ರದಲ್ಲಿ ಫ್ರಿಟ್ಸ್ ವಾಗ್ನರ್ ಎಂಬ ವಿಜ್ಞಾನಿ ಪ್ರಯೋಗ ನಡೆಸುತ್ತಿದ್ದಾಗ, ಕಾವು ನಿಲ್ಲುವ ಅವಧಿ ಇದ್ದಕ್ಕಿದ್ದಂತೆ ಸುಮಾರು ಇಮ್ಮಡಿಯಾಯಿತು. ಪ್ಲಾಸ್ಮಾದ ಅಂಚಿನ ತೆಳುಪದರದಲ್ಲಿ ಸುಳಿಗಳು ಅಡಗಿದ್ದುವು. ಹೀಗಾದೀತೆಂದು ಯಾವ ಸಿದ್ಧಾಂತವೂ ಮುಂದಾಗಿ ಹೇಳಿರಲಿಲ್ಲ. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಈಟರ್ ಎಂಬ ಮಹಾಯಂತ್ರದ ಲೆಕ್ಕಾಚಾರವೆಲ್ಲ ಈ ಸ್ಥಿತಿಯನ್ನೇ ನಂಬಿದೆ.

ಈಟರ್‌ನ ಏಳು ಪಾಲುದಾರರಲ್ಲಿ ಭಾರತವೂ ಒಂದು. ಅಲ್ಲಿ ವೆಚ್ಚವಾಗುತ್ತಿರುವ ಹಣದಲ್ಲಿ ನಮ್ಮ ಜನರ ಬೆವರೂ ಸೇರಿದೆ. ಆದುದರಿಂದ ಪ್ರಶ್ನಿಸುವ ಹಕ್ಕು ನಮಗುಂಟು. ಪ್ರಶ್ನೆ ಮಾತ್ರ ಸರಿಯಾಗಿರಬೇಕು. 2023ರಲ್ಲಿ ಇಂಗ್ಲೆಂಡಿನ ಜೆಟ್ ಯಂತ್ರವು ಒಂದೇ ಪ್ರಯೋಗದಲ್ಲಿ 69 ಮೆಗಾಜೂಲ್ ಶಕ್ತಿಯನ್ನು ಬಿಡುಗಡೆ ಮಾಡಿತು. ಮನೆಯ ಮೀಟರಿನ ಲೆಕ್ಕದಲ್ಲಿ ಇದು ಸುಮಾರು 19 ಯೂನಿಟ್ಟು. ಅದು ದಾಖಲೆಯೇ ಸರಿ. ಆದರೆ ಕಾಯಿಸಲು ಒಳಗಿಟ್ಟ ಶಕ್ತಿ ಅದಕ್ಕಿಂತ ಹೆಚ್ಚು. ಎರಡನೆಯ ಮಾತನ್ನು ಬಿಟ್ಟು ಮೊದಲನೆಯದನ್ನಷ್ಟೇ ಸಾರುವುದು ವಿಜ್ಞಾನಕ್ಕೆ ಉಪಕಾರವಲ್ಲ.

"ಯಾವ ವರ್ಷ ಬರುತ್ತದೆ?" ಎಂದು ಕೇಳಿದರೆ ವಿಜ್ಞಾನಿ ಜೋಯಿಸನಾಗಬೇಕಾಗುತ್ತದೆ. "ಎಷ್ಟು ಇಟ್ಟಿರಿ, ಎಷ್ಟು ಬಂತು, ಕಾವು ಎಷ್ಟು ಹೊತ್ತು ನಿಂತಿತು?" ಎಂದು ಕೇಳಿದರೆ ಆತ ವಿಜ್ಞಾನಿಯಾಗಿಯೇ ಉತ್ತರಿಸಬಲ್ಲ. ಈ ಮೂರು ಪ್ರಶ್ನೆಗಳನ್ನು ಕೇಳಲು ಭೌತಶಾಸ್ತ್ರದ ಪದವಿ ಬೇಕಿಲ್ಲ. ಕಲಾವಿಭಾಗದವರಾದ ನಾವೂ ಕೇಳಬಹುದು, ಕೇಳಬೇಕು. ಉತ್ತರ ಪ್ರಾಮಾಣಿಕವಾಗಿರುವವರೆಗೆ ಇನ್ನಷ್ಟು ಕಾಲ ಕಾಯುವುದರಲ್ಲಿ ನಷ್ಟವಿಲ್ಲ.